ಕಪಾಟಿನ ಈಶಾನ್ಯ

ಎಣ್ಣೆಗೆ ಬಿದ್ದ ಮಿರ್ಚಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ಬಣ್ಣ ತಿರುಗಿದ ಕೂಡಲೇ ಎತ್ತಬೇಕು, ಇಲ್ಲದಿದ್ದರೆ ಕರಕಲಾಗುತ್ತದೆ. ದಾವಣಗೆರೆಯ ಹಳೇಪೇಟೆಯಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದ ಬಕ್ಕೇಶನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ಸೋಮವಾರ ಸಂಜೆ ಅವನು ತೂತಿನ ಸೌಟು ಹಿಡಿದುಕೊಂಡು ಬಾಣಲೆಯ ಮುಂದೆ ಸುಮ್ಮನೆ ನಿಂತಿದ್ದ. ಕಣ್ಣು ಮಿರ್ಚಿಯ ಮೇಲೆಯೇ ಇತ್ತು, ಮನಸ್ಸು ಎತ್ತು ಎಂದು ಹೇಳಿಯೂ ಆಗಿತ್ತು. ಕೈ ಮಾತ್ರ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಗುಮಾಸ್ತನ ಹಾಗೆ ಆಮೇಲೆ ಎದ್ದಿತು. ಅಷ್ಟರಲ್ಲಿ ಮಿರ್ಚಿಗಳೆಲ್ಲ ಕಪ್ಪಾಗಿದ್ದವು.

"ಇವನ್ನ ಯಾರಿಗೆ ಕೊಡ್ಲಪ್ಪ?" ಎಂದಳು ಗಲ್ಲಾದಲ್ಲಿ ಕೂತಿದ್ದ ಅವನ ತಾಯಿ ಹೊನ್ನಮ್ಮ. "ಕಾಡಿಗೆ ಡಬ್ಬಿಗೆ ತುಂಬಿಡಾಣ, ಕೂಸುಗಳ ಕಣ್ಣಿಗಾದ್ರೂ ಆಗ್ತೈತೆ."

ಕಾಯುತ್ತ ನಿಂತಿದ್ದ ಗಿರಾಕಿಯೊಬ್ಬ, "ಯಾಕ್ ಬಕ್ಕೇಶಣ್ಣ, ಕೈಗೆ ನಿದ್ದೆ ಬಂದೈತಾ?" ಎಂದ. ಬಕ್ಕೇಶ ನಕ್ಕುಬಿಟ್ಟ. ಆಫೀಸಿನಿಂದ ಆಗ ತಾನೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಅವನ ಹೆಂಡತಿ ನೀಲಗಂಗಾ ನಗಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಗಿರಾಕಿಯ ಮೇಲಲ್ಲ, ಗಂಡನ ನಗೆಯ ಮೇಲೆ. ಯಾರೋ ಮಾಡಿದ ಹೊಲಸು ಕೆಲಸವನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ನಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಕ್ಕೇಶನ ಕೈಗಳು ಅವನವೇ, ಆದರೆ ಅವನ ಮಾತನ್ನು ನೇರವಾಗಿ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೈಕಿನಿಂದ ಬಿದ್ದಾಗ ಕುತ್ತಿಗೆಯ ಬುಡದಲ್ಲಿ ಎರಡೂ ತೋಳುಗಳ ನರ ಹರಿದುಹೋಗಿದ್ದವು. ಆಮೇಲೆ ಚೇತನ ಹಸ್ತ ಕೇಂದ್ರದವರು ಅವನ ತಲೆಬುರುಡೆಯೊಳಗೆ ಕಡಲೆಬೇಳೆಯಷ್ಟು ದೊಡ್ಡ ಚಿಪ್ ಕೂರಿಸಿದರು, ಭುಜದಿಂದ ಬೆರಳ ತುದಿಯವರೆಗೆ ತೆಳುವಾದ ಗವಸು ತೊಡಿಸಿದರು. ಕೈ ಎತ್ತಬೇಕು ಎಂದು ಅವನು ಅಂದುಕೊಂಡರೆ ಚಿಪ್ ಅದನ್ನು ಹಿಡಿದು ಕೇಂದ್ರಕ್ಕೆ ಕಳಿಸುತ್ತಿತ್ತು. ಅಲ್ಲಿಂದ ಬಂದ ಅಪ್ಪಣೆಯಂತೆ ಗವಸು ಸ್ನಾಯುಗಳನ್ನು ಮಿಡಿದು ಕೈಯನ್ನು ಎತ್ತುತ್ತಿತ್ತು. ಸ್ಪರ್ಶ ಮರಳಲಿಲ್ಲ, ಬಿಸಿ ತಣ್ಣಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಕೆಲಸ ಮರಳಿತು. ಅಂದುಕೊಳ್ಳುವುದಕ್ಕೂ ಆಗುವುದಕ್ಕೂ ನಡುವೆ ಕಣ್ಣೆವೆ ಬಡಿಯುವಷ್ಟೂ ಅಂತರವಿರಲಿಲ್ಲ. ಊರಿನಲ್ಲಿ ಇಂಥ ಗವಸಿನವರು ನೂರಾರು ಜನ ಇದ್ದರು. ಕೂಲಿ ಮಾಡುತ್ತಿದ್ದರು, ಮಕ್ಕಳಿಗೆ ಜಡೆ ಹಾಕುತ್ತಿದ್ದರು, ಮುದ್ದೆ ಮುರಿದು ತಮ್ಮ ಬಾಯಿಗೆ ತಾವೇ ಇಟ್ಟುಕೊಳ್ಳುತ್ತಿದ್ದರು.

ಹೋದ ವಾರ ಕೇಂದ್ರದಲ್ಲಿ ಅಪ್‌ಗ್ರೇಡ್ ಆಯಿತು. ರಿಬ್ಬನ್ ಕತ್ತರಿಸಿದರು, ಬಾದಾಮಿ ಹಾಲು ಕೊಟ್ಟರು, ಫೋಟೋ ಹೊಡೆಸಿಕೊಂಡರು. ಮಾರನೆಯ ಬೆಳಿಗ್ಗೆಯಿಂದ ಊರಿನ ಗವಸಿನವರ ಕೈಗಳೆಲ್ಲ ಒಂದು ಸೆಕೆಂಡಿನಷ್ಟು ಹಿಂದೆ ಬಿದ್ದವು.

ಹೊನ್ನಮ್ಮ ಸೊಸೆಯ ಮುಂದೆ ಫೋನ್ ಹಿಡಿದಳು. "ಇದೇನ್ ಬಂದೈತೆ ನೋಡವ್ವ, ನಿಮ್ಮ ಆಫೀಸ್ನೋರು ಕಳ್ಸಿರಾದು."

ನೀಲಗಂಗಾ ಓದಿದಳು. ಹೊಸ ವ್ಯವಸ್ಥೆಯ ವೇಗಕ್ಕೆ ಬಳಕೆದಾರರ ಮನಸ್ಸು ಇನ್ನೂ ಹೊಂದಿಕೊಂಡಿಲ್ಲವಂತೆ. ಕೈ ನಿಧಾನವೆನಿಸಿದರೆ ಅದಕ್ಕೆ ಮನಸ್ಸಿನ ಆಲಸ್ಯ ಕಾರಣವಂತೆ. ದಿನವೂ ಬೆಳಿಗ್ಗೆ ಹಸ್ತ ಧ್ಯಾನ ಮಾಡಬೇಕಂತೆ. ಶುಕ್ರವಾರ ಎಲ್ಲರಿಗೂ ಸಾಮರ್ಥ್ಯ ಪರೀಕ್ಷೆ ಇದ್ದು, ಅದರಲ್ಲಿ ಸೋತವರ ಗವಸನ್ನು ವಾಪಸು ಪಡೆದು ಕಾಯುತ್ತಿರುವ ಅರ್ಹರಿಗೆ ಕೊಡಲಾಗುವುದಂತೆ. ಕೆಳಗೆ ನಿರ್ದೇಶಕ ಡಾ. ವಾಗೀಶ ಹೊಸಹಳ್ಳಿಯ ನಗುಮುಖದ ಫೋಟೋ ಇತ್ತು.

"ಆಲಸ್ಯ ಅಂತೆ," ಎಂದಳು ಅವಳು.

"ಇರಬೋದು ನೀಲಾ," ಎಂದ ಬಕ್ಕೇಶ. "ನಾನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ಬೇಕು ಅನ್ಸುತ್ತೆ."

"ನೀವು ಸುಮ್ನಿರ್ರಿ. ನಿಮ್ಮ ಮನಸ್ಸಿನಲ್ಲಿ ಎಷ್ಟು ಆಲಸ್ಯ ಇದೆ ಅಂತ ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ."

ನೀಲಗಂಗಾ ಅದೇ ಕೇಂದ್ರದಲ್ಲಿ ಎಂಜಿನಿಯರ್. ಕೈಗಳಿಗೆ ಅಪ್ಪಣೆ ಕಳಿಸುವ ಯಂತ್ರಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೊಠಡಿಯಲ್ಲಿ ಅವಳೂ ತೌಸೀಫ್ ಎಂಬ ಸಹೋದ್ಯೋಗಿಯೂ ಕೂರುತ್ತಿದ್ದರು. ಯಂತ್ರ ಎಂದರೆ ಕಬ್ಬಿಣದ್ದಲ್ಲ. ಪಕ್ಕದ ತಣ್ಣನೆಯ ಕೋಣೆಯಲ್ಲಿ ಆಳೆತ್ತರದ ಕಪಾಟುಗಳು ಸಾಲಾಗಿ ನಿಂತಿದ್ದವು, ಒಂದೊಂದು ಕಪಾಟೂ ಒಂದೊಂದು ದೊಡ್ಡ ಕಂಪ್ಯೂಟರ್. ಆ ದೊಡ್ಡ ಕಂಪ್ಯೂಟರಿನೊಳಗೆ ಲೆಕ್ಕದಿಂದಲೇ ಗೋಡೆ ಕಟ್ಟಿಕೊಂಡು ನೂರಾರು ಚಿಕ್ಕ ಕಂಪ್ಯೂಟರುಗಳು ಬಾಳುತ್ತಿದ್ದವು. ಅವಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ಮೈ ಇಲ್ಲ, ತೂಕ ಇಲ್ಲ, ಮುಟ್ಟಲು ಏನೂ ಇಲ್ಲ. ಬಾಡಿಗೆ ಮನೆಯವರಂತೆ ಇವತ್ತು ಈ ಕಪಾಟಿನಲ್ಲಿದ್ದರೆ ನಾಳೆ ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಬಲ್ಲವು. ಗವಸಿನ ಒಬ್ಬೊಬ್ಬರಿಗೂ ಇಂಥವು ಎರಡೆರಡು. ಒಂದು ಕೇಳುವ ಯಂತ್ರ, ಅದು ಚಿಪ್ ಕಳಿಸಿದ ಇಂಗಿತವನ್ನು ತಿಳಿದುಕೊಳ್ಳುತ್ತದೆ. ಇನ್ನೊಂದು ಮಾಡುವ ಯಂತ್ರ, ಅದು ಸರಿಯೇ ತಪ್ಪೇ ನೋಡಿ ಗವಸಿಗೆ ಅಪ್ಪಣೆ ಕೊಡುತ್ತದೆ. ಈ ಎರಡರ ನಡುವೆ ಮಾತುಕತೆ ಸಲೀಸಾಗಿದ್ದರೆ ಕೈ ಕೈಯಾಗಿರುತ್ತದೆ.

"ಮೇಡಂ, ಕೇಳೋದು ಸರಿಯಾಗೇ ಕೇಳ್ತಿದೆ. ಮಾಡೋದು ಸರಿಯಾಗೇ ಮಾಡ್ತಿದೆ," ಎಂದ ಮಂಗಳವಾರ ಬೆಳಿಗ್ಗೆ ತೌಸೀಫ್. "ಇದು ಅದಕ್ಕೆ ಹೇಳೋ ಹೊತ್ತಿಗೆ ಮಾತ್ರ ಊರು ಸುತ್ತಿಕೊಂಡು ಹೋಗ್ತಿದೆ."

ಅವನು ಹೇಳಿದ್ದು ಸರಿಯಾಗಿತ್ತು. ಅಪ್‌ಗ್ರೇಡಿನ ಜೊತೆಗೆ ಕಪಾಟು ಕಪಾಟುಗಳ ನಡುವೆ ಹೊಸದೊಂದು ತಪಾಸಣಾ ದ್ವಾರ ಬಂದಿತ್ತು. ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಸಂದೇಶವನ್ನೂ ಅದು ನಿಲ್ಲಿಸಿ, ಬಿಚ್ಚಿ, ಮೂಸಿ ನೋಡಿ, ಮತ್ತೆ ಕಟ್ಟಿ ಕಳಿಸುತ್ತಿತ್ತು. ಒಂದೇ ಕಪಾಟಿನೊಳಗಿನ ಮಾತಿಗೆ ಈ ಗೋಳು ಇರಲಿಲ್ಲ. ಮೊದಲು ಜೋಡಿಗಳೆಲ್ಲ ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿದ್ದವು. ಈಗ ಅಪ್‌ಗ್ರೇಡ್ ಮಾಡಲು ಬಂದವರು ಅವುಗಳನ್ನು ಬೇರೆ ಮಾಡಿದ್ದರು. ಒಂದು ಕಪಾಟಿಗೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯಲಿ ಎಂದು ಮಾಡಿರಬಹುದು ಎಂದು ಅವಳು ಅಂದುಕೊಂಡಳು. ಮೂರ್ಖರು ಮಾಡಿದ ಕೆಲಸಕ್ಕೂ ಕಾರಣವೊಂದು ಇರುತ್ತದೆ ಎಂದು ನಂಬುವುದು ಓದಿದವರ ಕೆಟ್ಟ ಚಾಳಿ.

ಮಧ್ಯಾಹ್ನದ ಸಭೆಯಲ್ಲಿ ಇದನ್ನು ಹೇಳಲು ಅವಳು ಬಾಯಿ ತೆರೆದಳು. ಡಾ. ವಾಗೀಶ ಕೈ ಅಡ್ಡ ಹಿಡಿದ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಉಂಗುರಗಳು, ಎಲ್ಲಕ್ಕಿಂತ ದೊಡ್ಡ ತೃಪ್ತಿ. ಅಪ್‌ಗ್ರೇಡ್ ಎಂಬ ಪದ ಅವನ ಬಾಯಲ್ಲಿ ಹೋಳಿಗೆಯಂತೆ ಹೊರಳುತ್ತಿತ್ತು.

"ಕಂಪ್ಲೇಂಟ್ ಬೇಡ, ನೀಲಗಂಗಾ. ಪಾಸಿಟಿವ್ ಆಗಿ ಯೋಚಿಸೋಣ. ನಿಧಾನದಲ್ಲೂ ಒಂದು ಸೌಂದರ್ಯ ಇದೆ. ನಮ್ಮ ಹಿರಿಯರು ಅವಸರ ಮಾಡ್ತಿದ್ರಾ?"

ಸುತ್ತ ಕೂತವರೆಲ್ಲ ತಲೆದೂಗಿದರು. ಆ ತಲೆಗಳಲ್ಲಿ ಒಂದಕ್ಕೂ ಗವಸಿನ ಚಿಪ್ ಇರಲಿಲ್ಲ, ಅವರ ಕೈಗಳೆಲ್ಲ ಬಾದಾಮಿ ಹಾಲಿನ ಲೋಟವನ್ನು ಕ್ಷಣಾರ್ಧದಲ್ಲಿ ಹಿಡಿಯಬಲ್ಲವಾಗಿದ್ದವು. ನೀಲಗಂಗಾ ಎದ್ದುಬಂದಳು.

ಊರು ಅಷ್ಟರಲ್ಲಿ ಹೊಂದಿಕೊಳ್ಳತೊಡಗಿತ್ತು. ಜನ ಎಂಥ ಅನ್ಯಾಯಕ್ಕೂ ಹೊಂದಿಕೊಂಡುಬಿಡುತ್ತಾರೆ, ಅದೇ ಮೇಲಿನವರಿಗೆ ಸಿಕ್ಕ ವರ. ಗವಸಿನವರು ಮುಂಚಿತವಾಗಿಯೇ ಅಂದುಕೊಳ್ಳುವುದನ್ನು ಕಲಿತರು. ಎದುರಿನವರು ಇನ್ನೂ ದೂರದಲ್ಲಿರುವಾಗಲೇ ನಮಸ್ಕಾರ ಅಂದುಕೊಂಡರೆ ಅವರು ಹತ್ತಿರ ಬರುವ ಹೊತ್ತಿಗೆ ಕೈ ಮುಗಿಯುತ್ತಿತ್ತು. ಅವರು ನಡುವೆ ಬೇರೆ ಓಣಿಗೆ ತಿರುಗಿಬಿಟ್ಟರೆ ಇವರು ಲೈಟ್ ಕಂಬಕ್ಕೆ ಕೈಮುಗಿದು ನಿಲ್ಲುತ್ತಿದ್ದರು. ಶಾಲೆಯ ಮೇಷ್ಟರೊಬ್ಬರು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟು ಬರೀ ಬಾಯಲ್ಲಿ ಪಾಠ ಹೇಳುತ್ತಿದ್ದರು. ಎಳೆ ಕೂಸಿನ ತಾಯಿಯೊಬ್ಬಳು ಅದನ್ನು ಎತ್ತಿಕೊಳ್ಳಲು ಹೆದರಿ ನೆಲದ ಮೇಲೆ ಪಕ್ಕದಲ್ಲೇ ಮಲಗಿ ಹಾಲೂಡಿಸುತ್ತಿದ್ದಳು.

ಬಕ್ಕೇಶನೂ ಕಲಿತ. ಮಿರ್ಚಿಯ ಬಣ್ಣ ತಿರುಗುವ ಮೊದಲೇ ಎತ್ತು ಎಂದುಕೊಳ್ಳುತ್ತಿದ್ದ, ಕೈ ಸರಿಯಾದ ಹೊತ್ತಿಗೆ ಎತ್ತುತ್ತಿತ್ತು. ಬುಧವಾರ ಸಂಜೆಯ ಮೊದಲ ಸುತ್ತು ಚೆನ್ನಾಗಿಯೇ ಬಂತು. "ನೋಡವ್ವ, ಬಂತು," ಎಂದು ತಾಯಿಗೆ ತೋರಿಸಿದ.

ಆದರೆ ಮುಂಚೆ ಅಂದುಕೊಂಡದ್ದನ್ನು ಹಿಂದಕ್ಕೆ ಪಡೆಯಲು ಆಗುತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವನು ಮುಂದಕ್ಕೆ ಬಾಗಿ ಸೌಟು ಇಳಿಸು ಎಂದುಕೊಂಡ, ಅದೇ ಗಳಿಗೆಯಲ್ಲಿ ಒಲೆಯ ಮೇಲಿನ ಬಾಣಲೆ ಸ್ವಲ್ಪ ವಾಲಿತು. ಬೇಡ, ನಿಲ್ಲು ಎಂದು ಅವನ ಮನಸ್ಸು ಕೂಗಿತು. ಆ ಕೂಗು ಈಗಿನದು. ಕೈ ಕೇಳುತ್ತಿದ್ದದ್ದು ಆಗಿನದನ್ನು. ಅದು ತನಗೆ ಬಂದ ಹಳೆಯ ಅಪ್ಪಣೆಯನ್ನು ವಿಧೇಯವಾಗಿ ಪಾಲಿಸುತ್ತ ವಾಲಿದ ಬಾಣಲೆಯೊಳಗೆ ಮಣಿಕಟ್ಟಿನವರೆಗೆ ಇಳಿಯಿತು. ನಿಲ್ಲು ಎಂಬ ಮಾತು ತಲುಪುವವರೆಗೆ ಅಲ್ಲೇ ಇತ್ತು. ಬಕ್ಕೇಶ ಕಿರುಚಲಿಲ್ಲ, ಅವನಿಗೆ ನೋವೇ ತಿಳಿಯಲಿಲ್ಲ. ತನ್ನ ಕೈ ಎಣ್ಣೆಯಲ್ಲಿರುವುದನ್ನು ಕಣ್ಣಿಂದ ನೋಡುತ್ತ ನಿಂತಿದ್ದ. ಕಿರುಚಿದ್ದು ಹೊನ್ನಮ್ಮ.

ಆಸ್ಪತ್ರೆಯಲ್ಲಿ ಡಾಕ್ಟರು ಸುಟ್ಟ ಗವಸು ಬಿಡಿಸಿ, ಔಷಧಿ ಹಚ್ಚಿ, ಮೇಲೆ ತಾತ್ಕಾಲಿಕವಾಗಿ ಇನ್ನೊಂದು ಗವಸು ತೊಡಿಸಿದರು. ಬೆರಳುಗಳು ಉಳಿದಿವೆ, ಚರ್ಮ ಬರಲು ಸಮಯ ಬೇಕು ಎಂದರು. ಹೊನ್ನಮ್ಮ ಸೊಸೆಯ ಕಡೆ ತಿರುಗಿದಳು. ಅವಳು ಸಾಮಾನ್ಯವಾಗಿ ಚುಚ್ಚಿ ಮಾತಾಡುವ ಹೆಂಗಸು, ಆ ಹೊತ್ತು ಚುಚ್ಚಲಿಲ್ಲ.

"ನೀಲವ್ವ, ಶುಕ್ರವಾರ ಇವನ ಕೈ ಕಸ್ಕೊಳ್ತಾರೇನೇ?"

ನೀಲಗಂಗಾ ಗಂಡನ ಹೊಸ ಗವಸಿನ ಅಂಚನ್ನು ಸರಿಮಾಡಿದಳು. ಬಾಯಿ ತೆರೆದರೆ ಹೌದು ಎನ್ನಬೇಕಾಗುತ್ತಿತ್ತು. ಗವಸು ಹೋದರೆ ಬಕ್ಕೇಶನ ಕೈಗಳು ಭುಜಕ್ಕೆ ನೇತುಹಾಕಿದ ಎರಡು ಒದ್ದೆ ಪಂಚೆಗಳು, ಅವಳು ಆ ದಿನಗಳನ್ನು ಕಂಡಿದ್ದಳು. ಅವನಿಗೆ ಊಟ ಮಾಡಿಸಿದ್ದಳು, ಮೂಗು ಒರೆಸಿದ್ದಳು. ಅದು ಅವಳಿಗೆ ಕಷ್ಟವಾಗಿರಲಿಲ್ಲ. ಪ್ರತಿ ಸಲವೂ ಅವನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದನಲ್ಲ, ಅದನ್ನು ನೋಡುವುದು ಕಷ್ಟವಾಗಿತ್ತು.

ಗುರುವಾರ ಅವಳು ಯಾರನ್ನೂ ಕೇಳದೆ ಹುಡುಕಿದಳು. ಏನು ನಿಧಾನ ಎಂದು ಹುಡುಕುವುದನ್ನು ಬಿಟ್ಟು ಯಾರು ನಿಧಾನವಲ್ಲ ಎಂದು ಹುಡುಕಿದಳು. ಊರಿನ ಗವಸಿನವರೆಲ್ಲರ ನಡುವೆ ಒಬ್ಬರ ಜೋಡಿ ಮಾತ್ರ ಹಳೆಯ ವೇಗದಲ್ಲೇ ಓಡುತ್ತಿತ್ತು. ಹೆಸರು ನೋಡಿದಳು. ಹಾಲಪ್ಪ ಹೊಸಹಳ್ಳಿ, ನಿರ್ದೇಶಕರ ತಂದೆ.

"ತೌಸೀಫ್, ಇಲ್ಲಿ ಬಾ."

ಅವನು ಬಂದು ನೋಡಿದ. "ಓಹೋ," ಎಂದ. ಪರದೆಯ ಮೇಲೆ ಬೆರಳಿಟ್ಟು, "ಇವರ ಎರಡೂ ಯಂತ್ರ ಒಂದೇ ಕಪಾಟಿನಲ್ಲಿವೆ ಮೇಡಂ. ಉಳಿದವರದ್ದು ನೋಡ್ರಿ. ಕೇಳೋವೆಲ್ಲ ಆ ಮೂಲೆ ಕಪಾಟಿನಲ್ಲಿ, ಮಾಡೋವೆಲ್ಲ ಈ ಮೂಲೆಯದ್ದರಲ್ಲಿ. ನಡುವಿನ ಕಪಾಟುಗಳೆಲ್ಲ ಖಾಲಿ ಹೊಡೀತಿವೆ. ಇದ್ಯಾವ ಲೆಕ್ಕ?" ಎಂದ.

ಬೆಂಕಿಯ ಭಯಕ್ಕೆ ಬೇರೆ ಮಾಡಿದ್ದರೆ ಎಲ್ಲ ಕಪಾಟುಗಳಿಗೂ ಹಂಚಬೇಕಿತ್ತು. ನೀಲಗಂಗಾ ಎದ್ದು ತಣ್ಣನೆಯ ಕೋಣೆಗೆ ಹೋದಳು. ಕೇಳುವ ಯಂತ್ರಗಳ ಕಪಾಟಿನ ನೆತ್ತಿಯ ಮೇಲೆ ಒಂದು ತಾಮ್ರದ ಚೊಂಬು ಇತ್ತು, ಅದರ ತುಂಬ ನೀರು. ಕೋಟಿಗಟ್ಟಲೆ ಬೆಲೆಯ ಕಂಪ್ಯೂಟರಿನ ನೆತ್ತಿಯ ಮೇಲೆ ನೀರು. ಇನ್ನೊಂದು ಮೂಲೆಯ ಕಪಾಟಿನ ಬುಡದಲ್ಲಿ ಸಣ್ಣದೊಂದು ಕೆಂಪು ಬಲ್ಬು ಉರಿಯುತ್ತಿತ್ತು. ಅವಳು ಬಾಗಿಲ ಕಡೆ ನೋಡಿದಳು, ಕಿಟಕಿಯ ಬಿಸಿಲು ನೋಡಿದಳು, ದಿಕ್ಕು ಲೆಕ್ಕ ಹಾಕಿದಳು. ಚೊಂಬು ಇದ್ದದ್ದು ಈಶಾನ್ಯಕ್ಕೆ. ಬಲ್ಬು ಇದ್ದದ್ದು ಆಗ್ನೇಯಕ್ಕೆ.

ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ನೇರ ನಿರ್ದೇಶಕರ ಕೊಠಡಿಗೆ ಹೋದಳು.

ಡಾ. ವಾಗೀಶನಿಗೆ ನಾಚಿಕೆಯೇನೂ ಆಗಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮಗುವಿಗೆ ಹೇಳುವಂತೆ ಹೇಳಿದ.

"ನೋಡಿ, ಕೇಳೋದು ಅಂದ್ರೆ ಜ್ಞಾನ. ಜ್ಞಾನ ಈಶಾನ್ಯದಲ್ಲಿರಬೇಕು. ಮಾಡೋದು ಅಂದ್ರೆ ಶಕ್ತಿ. ಶಕ್ತಿ ಅಂದ್ರೆ ಅಗ್ನಿ, ಅದರ ಜಾಗ ಆಗ್ನೇಯ. ರೇಣುಕಾರಾಧ್ಯರ ಹತ್ತಿರ ವಾಸ್ತು ನೋಡಿಸಿದೀನಿ. ಎರಡನ್ನೂ ಒಂದೇ ಕಡೆ ಇಟ್ಟಿದ್ದಕ್ಕೇ ಇಷ್ಟು ದಿನ ಈ ಸಂಸ್ಥೆ ಏಳಿಗೆ ಕಾಣಲಿಲ್ಲವಂತೆ."

"ಸರ್, ಅವು ವರ್ಚುವಲ್ ಮೆಷಿನ್. ಮೈ ಇಲ್ಲದ್ದಕ್ಕೆ ದಿಕ್ಕು ಎಲ್ಲಿಂದ ಬಂತು?"

"ಕಪಾಟಿಗೆ ಮೈ ಇದೆಯಲ್ಲ."

"ನಿಮ್ಮ ತಂದೆಯವರ ಜೋಡಿ ಮಾತ್ರ ಹಳೇ ಕಪಾಟಿನಲ್ಲೇ ಒಟ್ಟಿಗಿದೆ."

ಅವನು ಉಂಗುರ ತಿರುಗಿಸಿದ. "ಅಪ್ಪನಿಗೆ ಎಂಬತ್ತು ದಾಟಿದೆ. ಈ ವಯಸ್ಸಿನಲ್ಲಿ ಅವರನ್ನ ಅಲುಗಾಡಿಸೋದು ಸರಿ ಕಾಣಲಿಲ್ಲ."

"ಅಂದ್ರೆ ನಿಧಾನ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ನಿಧಾನ ಅನ್ನೋ ಪದ ಬಳಸಬೇಡಿ. ಹೊಂದಾಣಿಕೆಯ ಅವಧಿ ಅನ್ನಿ."

"ನನ್ನ ಗಂಡನ ಕೈ ಎಣ್ಣೆಯಲ್ಲಿ ಬೆಂದಿದೆ ಸರ್."

"ಕೇಳಿ ಬೇಜಾರಾಯ್ತು," ಎಂದ ಡಾ. ವಾಗೀಶ. ಬೇಜಾರು ಮುಖದ ಯಾವ ಭಾಗದಲ್ಲೂ ಕಾಣಲಿಲ್ಲ. "ಆದರೆ ನಿಮ್ಮ ಯಜಮಾನರೂ ಬಳಕೆದಾರರು, ನೀವೂ ಇಲ್ಲಿನ ಎಂಜಿನಿಯರು. ನೀವು ಈ ವಿಷಯ ಎತ್ತಿದರೆ ಸ್ವಂತ ಲಾಭಕ್ಕೆ ಎತ್ತಿದಿರಿ ಅಂತ ನಾನು ಮೇಲಕ್ಕೆ ಬರೀಬೇಕಾಗುತ್ತೆ. ಬರೆಯೋದು ಬೇಡ ಅಂತಿದೀನಿ."

ಯಂತ್ರಗಳನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಕಳಿಸಲು ನಿರ್ದೇಶಕರ ಹೆಬ್ಬೆಟ್ಟಿನ ಗುರುತು ಬೇಕಿತ್ತು. ಇಲ್ಲದಿದ್ದರೆ ಆ ಕೆಲಸಕ್ಕೆ ತೌಸೀಫನ ಒಂದು ಲೋಟ ಚಹಾದಷ್ಟು ಹೊತ್ತು ಸಾಕಾಗಿತ್ತು. ಇಡೀ ಊರಿನ ಕೈಗಳು ಒಬ್ಬ ಮನುಷ್ಯನ ಹೆಬ್ಬೆರಳಿಗೆ ಜೋತುಬಿದ್ದಿದ್ದವು, ಆ ಹೆಬ್ಬೆರಳಿಗೂ ಒಂದು ಉಂಗುರ. ನೀಲಗಂಗಾ ಹೊರಗೆ ಬಂದು ಮುಖ ತೊಳೆದುಕೊಂಡಳು. ಇಂಥವನ ಮುಂದೆ ತರ್ಕ ಹೇಳಿದ್ದು ತನ್ನದೇ ತಪ್ಪು ಅನಿಸಿತು. ಅವನು ಯಾರ ಮಾತು ಕೇಳುತ್ತಾನೋ ಅವರ ಹತ್ತಿರ ಹೋಗಬೇಕು.

ರೇಣುಕಾರಾಧ್ಯರ ಮನೆ ವಿದ್ಯಾನಗರದಲ್ಲಿತ್ತು. ಬೂದಿ ಬಳಿದುಕೊಂಡು ಕಣ್ಣು ಕೆಂಪಗೆ ಮಾಡಿಕೊಂಡ ಯಾರನ್ನೋ ಕಾಣುತ್ತೇನೆ ಎಂದು ಅವಳು ಹೊರಟಿದ್ದಳು. ಬಾಗಿಲು ತೆಗೆದದ್ದು ಬನಿಯನ್ ತೊಟ್ಟು ಬೆಂಡೆಕಾಯಿ ಹೆಚ್ಚುತ್ತಿದ್ದ ಒಬ್ಬ ತೆಳ್ಳನೆಯ ಮುದುಕ.

"ಬರ್ರಿ, ಕೂತ್ಕೊಳ್ರಿ. ಮನೆಯೋಳು ಮಗಳ ಮನೆಗೆ ಹೋಗ್ಯಾಳೆ, ಅಡಿಗೆ ನಂದೇ. ಮನೆ ಕಟ್ಟಿಸ್ತಿದೀರಾ, ಅಂಗಡಿನಾ?"

ಅವಳು ಎಲ್ಲವನ್ನೂ ಹೇಳಿದಳು. ಕಪಾಟು, ಅದರೊಳಗಿನ ಮೈಯಿಲ್ಲದ ಯಂತ್ರ, ನಡುವಿನ ತಪಾಸಣೆ, ಬಕ್ಕೇಶನ ಕೈ. ಮುದುಕ ಚಾಕು ಕೆಳಗಿಟ್ಟ.

"ತಾಯಿ, ಅವು ಕಬ್ಬಿಣದ್ದಲ್ವಾ?"

"ಅಲ್ಲ."

"ನಾನು ಮಿಲ್ಲಿನ ಯಂತ್ರ ಅಂದ್ಕೊಂಡೆ. ಈ ಊರಿನ ಹತ್ತಿ ಮಿಲ್ಲುಗಳಿಗೆಲ್ಲ ನಮ್ಮ ತಂದೆಯೋರೇ ನೋಡ್ತಿದ್ರು. ಕೇಳೋ ಯಂತ್ರ ಅಂದ್ರೆ ಯಾವುದೋ ರೇಡಿಯೋ ಥರದ್ದು, ಮಾಡೋ ಯಂತ್ರ ಅಂದ್ರೆ ಬಾಯ್ಲರ್ ಥರದ್ದು ಇರ್ಬೇಕು, ಬಿಸಿ ಆಗ್ತೈತೆ, ಆಗ್ನೇಯಕ್ಕೆ ಹಾಕ್ಲಿ ಅಂದೆ."

"ನೀವು ಬಂದು ನೋಡಲಿಲ್ಲವೇ?"

"ಸಾಹೇಬ್ರು ಫೋನಿನಾಗೆ ನಕ್ಷೆ ಕಳ್ಸಿದ್ರು. ನಕ್ಷೆಯಾಗೆ ಎರಡು ಚೌಕ ಇದ್ವು." ಮುದುಕ ಅವಳ ಮುಖವನ್ನು ನೋಡಿ ಕಣ್ಣು ಕೆಳಗೆ ಹಾಕಿದ. "ನನ್ನನ್ನ ಬೈಬೇಕು ಅನ್ಸಿದ್ರೆ ಬೈರಿ."

ನೀಲಗಂಗಾಳಿಗೆ ಬೈಯಲು ಬೇಕಾದಷ್ಟಿತ್ತು. ಬಾಯ್ಲರು. ಇಷ್ಟು ಜನರ ಕೈಗಳನ್ನು ಇವನೊಂದು ಬಾಯ್ಲರು ಎಂದುಕೊಂಡಿದ್ದ, ಅವನೊಂದು ಚೌಕ ಎಂದುಕೊಂಡಿದ್ದ. ಇಬ್ಬರಲ್ಲಿ ಒಬ್ಬನೂ ಇನ್ನೊಬ್ಬನನ್ನು ಏನೂ ಕೇಳಿರಲಿಲ್ಲ.

"ತಪ್ಪಾಯ್ತು ಅಂತ ಅವರಿಗೆ ಒಂದು ಮಾತು ಹೇಳ್ತೀರಾ?"

"ಹೇಳ್ತೀನಿ. ಆದ್ರೆ ನಾನು ತಪ್ಪಿದೆ ಅಂದ್ರೆ ಸಾಹೇಬ್ರೂ ತಪ್ಪಿದಂಗೆ. ಅದನ್ನ ಅವರು ಒಪ್ಪಲ್ಲ. ಬೇರೆ ಇನ್ನೊಬ್ಬರನ್ನ ಹುಡುಕ್ತಾರೆ, ಆ ಮಹಾನುಭಾವ ನೈಋತ್ಯ ಅಂತಾನೋ ವಾಯವ್ಯ ಅಂತಾನೋ ಯಾರಿಗೊತ್ತು?"

ಅದು ನಿಜವಾಗಿತ್ತು. ಸತ್ಯ ಹೇಳಿದರೆ ಡಾ. ವಾಗೀಶನಿಗೆ ಅರ್ಥವಾಗುವುದಿಲ್ಲ ಎಂದಲ್ಲ, ಅರ್ಥವಾಗುತ್ತದೆ. ಅದಕ್ಕೇ ಅವನು ತನ್ನ ಅಪ್ಪನನ್ನು ಅಲುಗಾಡಿಸಿರಲಿಲ್ಲ. ಅವನಿಗೆ ಬೇಕಾದದ್ದು ತಾನು ಸೋಲದ ಒಂದು ದಾರಿ. ಅಂಥವನಿಗೂ ಒಂದು ಗೆಲುವು ಕಟ್ಟಿಕೊಟ್ಟರೆ ಮಾತ್ರ ಬಕ್ಕೇಶನ ಕೈ ಬಕ್ಕೇಶನಿಗೆ ಉಳಿಯುತ್ತದೆ. ನೀಲಗಂಗಾ ತಲೆ ತಗ್ಗಿಸಿ ಕೂತಳು. ಆಮೇಲೆ ಕೇಳಿದಳು, ಕೇಳುತ್ತಿರುವಾಗಲೇ ತನ್ನ ಓದಿನ ಮೇಲೆ, ತನ್ನ ಡಿಗ್ರಿಯ ಮೇಲೆ, ತನ್ನ ನಾಲಗೆಯ ಮೇಲೆ ಅವಳಿಗೆ ಹೇಸಿಗೆಯಾಯಿತು.

"ಅಯ್ಯನೋರೇ, ಒಂದು ಕಪಾಟಿಗೂ ಅದರದ್ದೇ ಈಶಾನ್ಯ, ಅದರದ್ದೇ ಆಗ್ನೇಯ ಇರುತ್ತಲ್ಲ?"

ಮುದುಕ ಅವಳನ್ನೇ ನೋಡಿದ. ಬೆಂಡೆಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ನಿಧಾನವಾಗಿ ನಕ್ಕ.

"ಯಾಕಿರಲ್ಲ? ನಾಲ್ಕು ಮೂಲೆ ಇದ್ದ ಮೇಲೆ ದಿಕ್ಕು ಇರಲೇಬೇಕು. ಪೆಟ್ಟಿಗೆಗೂ ಐತೆ, ಬೆಂಕಿಪೊಟ್ಟಣಕ್ಕೂ ಐತೆ. ನಿಮ್ಮ ಯಂತ್ರ ಎರಡೂ ಒಂದೇ ಕಪಾಟಿನಾಗೆ ಇದ್ರೆ ಸಾಕಾ?"

"ಸಾಕು."

"ಮೇಲಿನ ಮೂಲೆಯಾಗೆ ಕೇಳೋದು, ಕೆಳಗಿನ ಮೂಲೆಯಾಗೆ ಮಾಡೋದು ಅಂತೀನಿ. ಮೈಯೇ ಇಲ್ಲ ಅಂದ ಮೇಲೆ ಅಲ್ಲಿ ಐತೋ ಇಲ್ಲೋ ಯಾರು ನೋಡ್ತಾರೆ?"

ರೇಣುಕಾರಾಧ್ಯರು ಅವಳ ಎದುರಿಗೇ ಡಾ. ವಾಗೀಶನಿಗೆ ಫೋನ್ ಮಾಡಿದರು. ಫೋನಿನಲ್ಲಿ ಅವರ ದನಿ ಗಡುಸಾಯಿತು, ಸಂಸ್ಕೃತ ಬೆರೆಯಿತು, ಬನಿಯನ್ ಮೈಮೇಲಿಂದ ಮಾಯವಾದಂತೆ ಇತ್ತು. ಮಹಾವಾಸ್ತು ಆಯಿತು, ಈಗ ಗರ್ಭವಾಸ್ತು ಆಗಬೇಕು, ಪ್ರತಿ ಕಪಾಟಿನ ಗರ್ಭದಲ್ಲೂ ಈಶಾನ್ಯ ಆಗ್ನೇಯ ಕೂಡಬೇಕು, ಇವತ್ತು ಸೂರ್ಯ ಮುಳುಗುವುದರೊಳಗೆ ಒಳ್ಳೆಯ ಗಳಿಗೆ ಇದೆ, ನಾಳೆಯಿಂದ ಇಲ್ಲ. ಅತ್ತ ಕಡೆಯಿಂದ ಹೌದು ಬುದ್ಧಿ, ಆಗಲಿ ಬುದ್ಧಿ ಎಂಬುದಷ್ಟೇ ಕೇಳಿಸಿತು. ಎಂಜಿನಿಯರ್ ಒಬ್ಬಳು ಎಷ್ಟೇ ಗಂಟಲು ಹರಿದುಕೊಂಡರೂ ಅಲುಗಾಡದ ಆ ಹೆಬ್ಬೆರಳು ಹೆಚ್ಚಿದ ಬೆಂಡೆಕಾಯಿ ಬಾಡುವುದರೊಳಗೆ ಎದ್ದುಬಿಟ್ಟಿತು.

ಹೊರಡುವಾಗ ಅವಳು ಕೈಮುಗಿದಳು. ಯಾಕೆ ಮುಗಿದೆ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಅಂದು ಸಂಜೆ ತೌಸೀಫ್ ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು ಜೋಡಿಗಳನ್ನೆಲ್ಲ ಮತ್ತೆ ಒಂದೊಂದು ಕಪಾಟಿಗೆ ಸೇರಿಸಿದ. "ಗರ್ಭವಾಸ್ತು ಅಂತೆ ಮೇಡಂ," ಎನ್ನುತ್ತ ಲೋಟ ಕೆಳಗಿಟ್ಟ. "ನಾವು ಇದನ್ನ ಒಂದೇ ಕಪಾಟಿನಲ್ಲಿ ಇಡೋದು ಅಂತಿದ್ವಿ. ಹೆಸರು ಚೆನ್ನಾಗಿರಲಿಲ್ಲ, ಅದಕ್ಕೇ ಯಾರೂ ಕೇಳಲಿಲ್ಲ."

ಶುಕ್ರವಾರ ಕೇಂದ್ರದ ಸಭಾಂಗಣದಲ್ಲಿ ಪರೀಕ್ಷೆ ನಡೆಯಿತು. ಬಕ್ಕೇಶ ಬ್ಯಾಂಡೇಜ್ ಸುತ್ತಿದ ಕೈಯಿಂದ ಗೂಟಗಳನ್ನು ತೂತುಗಳಿಗೆ ಒಂದೊಂದಾಗಿ ಕೂರಿಸಿದ. ಪರೀಕ್ಷಕಿ ಹೇಳದೆ ಕೇಳದೆ ಒಂದು ಚೆಂಡು ಎಸೆದಳು. ಬಾಗಿಲಲ್ಲಿ ನಿಂತಿದ್ದ ನೀಲಗಂಗಾಳಿಗೆ ಅದು ಎಸೆದದ್ದು ಕಂಡಿತು, ಆಮೇಲೆ ನೋಡಿದರೆ ಅವನ ಕೈಯಲ್ಲಿತ್ತು. ನಡುವೆ ಏನೂ ಇರಲಿಲ್ಲ. ಅವಳು ಕಾರಿಡಾರಿನ ಗೋಡೆಗೆ ಒರಗಿ ಅತ್ತುಬಿಟ್ಟಳು. ಹೊನ್ನಮ್ಮ ಸೆರಗಿನಿಂದ ಅವಳ ಮುಖ ಒರೆಸುತ್ತ, "ಏನೇ ಇದು, ಮೊನ್ನೆ ಅಳಬೇಕಿತ್ತು, ಇವತ್ತು ಅಳ್ತೀಯ. ನಿನಗೂ ಲೇಟಾಗೈತೇನು?" ಎಂದಳು.

ಇಷ್ಟಕ್ಕೆ ಮುಗಿದಿದ್ದರೆ ಮರ್ಯಾದೆಯಿಂದ ಮುಗಿಯುತ್ತಿತ್ತು. ಆದರೆ ಡಾ. ವಾಗೀಶನಂಥವರಿಗೆ ತಾವು ಮಾಡಿದ ಗಾಯಕ್ಕೆ ತಾವೇ ಪಟ್ಟಿ ಕಟ್ಟಿದ ಮೇಲೆ ಒಂದು ಸಮಾರಂಭ ಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿಸಿದ. ಹಸ್ತ ವೇಗೋತ್ಸವ ಎಂದು ಬ್ಯಾನರ್ ಬರೆಸಿದ. ಗವಸಿನವರೆಲ್ಲ ಬರಲೇಬೇಕೆಂದು ಸಂದೇಶ ಹೋಯಿತು, ಬಂದರು. ಟಿವಿಯವರೂ ಬಂದರು. ರೇಣುಕಾರಾಧ್ಯರು ಮೈ ಸರಿಯಿಲ್ಲ ಎಂದು ಹೇಳಿಕಳಿಸಿದ್ದರು, ಆದ್ದರಿಂದ ಅವರಿಗೆ ತಂದ ಶಾಲನ್ನೂ ಡಾ. ವಾಗೀಶನೇ ಹೊದ್ದುಕೊಂಡ. ಬಂದ ಜನಕ್ಕೆ ಎಲ್ಲ ಗೊತ್ತಿತ್ತು. ಹೊನ್ನಮ್ಮನ ಅಂಗಡಿಯಲ್ಲಿ ಎರಡು ದಿನ ಮಿರ್ಚಿಗಿಂತ ಹೆಚ್ಚಾಗಿ ಬಿಕರಿಯಾದದ್ದು ಈಶಾನ್ಯದ ಚೊಂಬಿನ ಸುದ್ದಿ, ನಿರ್ದೇಶಕರ ಅಪ್ಪನ ಸುದ್ದಿ.

ಅವನು ಬಹಳ ಹೊತ್ತು ಮಾತಾಡಿದ. ತನ್ನ ಸಂಶೋಧನೆಯಿಂದ ಕೈಗಳ ವೇಗ ಮರಳಿತು ಎಂದ. ವಿಜ್ಞಾನವೂ ಪರಂಪರೆಯೂ ಕೈಕೈ ಹಿಡಿದು ನಡೆಯಬೇಕು ಎಂದ. ನೀಲಗಂಗಾ ವೇದಿಕೆಯ ಬದಿಯಲ್ಲಿ ವೇಗ ತೋರಿಸುವ ಪರದೆ ಹಿಡಿದುಕೊಂಡು ನಿಂತಿದ್ದಳು, ಅದು ಅವಳಿಗೆ ವಹಿಸಿದ ಕೆಲಸ. ಬಕ್ಕೇಶ ಎರಡನೆಯ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕೂತಿದ್ದ. ಅವನ ಮುಖದಲ್ಲಿ ಅಂಗಡಿಯಲ್ಲಿ ಕಂಡಿದ್ದ ಆ ನಗೆ ಇಲ್ಲದ್ದನ್ನು ಅವಳು ಗಮನಿಸಿದಳು.

"ಈಗ ಇಡೀ ನಾಡೇ ನೋಡಲಿ," ಎಂದ ಡಾ. ವಾಗೀಶ, ಕ್ಯಾಮೆರಾಗಳ ಕಡೆ ಕೈ ಮಾಡಿ. "ನಿಮ್ಮ ಕೈಗಳು ಎಷ್ಟು ಚುರುಕಾಗಿವೆ ಅಂತ ತೋರಿಸಿ. ಎಲ್ಲರೂ ಒಟ್ಟಿಗೆ, ಜೋರಾಗಿ ಒಂದು ಚಪ್ಪಾಳೆ."

ಶಾಮಿಯಾನದಲ್ಲಿ ಸದ್ದಿಲ್ಲ. ಸಾಲು ಸಾಲು ಕೈಗಳು ತೊಡೆಗಳ ಮೇಲೆ ಹಾಗೆಯೇ ಇದ್ದವು. ಅವನು ಒಂದು ಸೆಕೆಂಡ್ ಕಾದ, ಹಳೆಯ ಲೆಕ್ಕದಲ್ಲಿ. ಇನ್ನೂ ಸ್ವಲ್ಪ ಕಾದ. ಎರಡನೆಯ ಸಾಲಿನಲ್ಲಿ ಬಕ್ಕೇಶನ ಕೈ ಮೇಲೆದ್ದಿತು, ಡಾ. ವಾಗೀಶನ ಮುಖ ಅರಳಿತು. ಬಕ್ಕೇಶ ಅಂಗಿಯ ಕಾಲರ್ ಸರಿಮಾಡಿಕೊಂಡು ಕೈಯನ್ನು ಮತ್ತೆ ತೊಡೆಯ ಮೇಲಿಟ್ಟ.

ಟಿವಿಯವರು ಕ್ಯಾಮೆರಾ ತಿರುಗಿಸುತ್ತಲೇ ಇದ್ದರು. ಡಾ. ವಾಗೀಶ ಮೈಕಿಗೆ ಅಂಗೈ ಮುಚ್ಚಿ ವೇದಿಕೆಯ ಅಂಚಿಗೆ ಬಂದು ಬಗ್ಗಿದ. ಹಣೆಯಲ್ಲಿ ಬೆವರು ಕಾಣಿಸಿಕೊಂಡಿತ್ತು.

"ಏನ್ರೀ ನೀಲಗಂಗಾ, ಮತ್ತೆ ನಿಧಾನ ಆಯ್ತಾ?"

ಅವಳು ಪರದೆ ನೋಡಿದಳು. ಜೋಡಿಗಳೆಲ್ಲ ಕಣ್ಣೆವೆ ಬಡಿಯುವ ವೇಗದಲ್ಲಿ ಮಾತಾಡಿಕೊಳ್ಳುತ್ತಿದ್ದವು. ಪರದೆಯನ್ನು ಅವನಿಗೆ ಕಾಣುವಂತೆ ತಿರುಗಿಸಿ ಹಿಡಿದಳು.

"ಇಲ್ಲ ಸರ್," ಎಂದಳು. "ಅವರು ಏನು ಅಂದುಕೊಂಡಿದಾರೋ ಕೈ ಈಗ ಅದನ್ನೇ ಮಾಡ್ತಿದೆ."